ಫೋನಿಗೆ ಕನ್ನಡ ಬರುವುದಿಲ್ಲವಂತೆ!

‘ನಮ್ಮ ಫೋನಿಗೆ ಕನ್ನಡ ಬರುವುದಿಲ್ಲ.’

ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಕೇಳಿದ್ದೇನೆ, ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕೇಳಿದ್ದೇನೆ, ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು ಕುಳಿತಿರುವ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಹೇಳುವ ಧಾಟಿಯನ್ನು ಗಮನಿಸಿ. ಅದರಲ್ಲಿ ಸಿಟ್ಟಿಲ್ಲ, ಬೇಸರವೂ ಇಲ್ಲ. ಹೊಸದಾಗಿ ಬಂದ ಸೊಸೆಗೆ ಹೋಳಿಗೆ ಮಾಡಲು ಬರುವುದಿಲ್ಲ ಎನ್ನುವಾಗ ಇರುವಷ್ಟು ಆಕ್ಷೇಪಣೆಯೂ ಇಲ್ಲ. ಸೊಸೆಗಾದರೆ ‘ಕಲಿತುಕೋ’ ಎಂದು ಹೇಳುವ ಮನೆಗಳಲ್ಲಿ, ಎಣಿಸಿ ದುಡ್ಡು ಕೊಟ್ಟು ತಂದ ಯಂತ್ರಕ್ಕೆ ಯಾರೂ ಹಾಗೆ ಹೇಳುವುದಿಲ್ಲ. ಮೆಸೇಜಿನಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬಂದರೆ, ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿದರೆ, ಇಂಗ್ಲಿಷಿನ ಅಕ್ಷರಗಳ ಮೇಲೆ ಗೀಟು ಚುಕ್ಕೆ ಮೂಡಿ ಮಂತ್ರವಾದಿಯ ಚೀಟಿಯಂತೆ ಕಂಡರೆ, ನಾವು ಹೆಬ್ಬೆರಳಿನಿಂದ ಒಮ್ಮೆ ಸವರಿ ಅಳಿಸಿಬಿಡುತ್ತೇವೆ. ಅಳಿಸಿದ ಮೇಲೆ ತಪ್ಪು ಯಾರದೆಂದು ಕೇಳುವ ಪ್ರಶ್ನೆಯೂ ಅಳಿಸಿಹೋಗುತ್ತದೆ.

ಆ ಪ್ರಶ್ನೆಯನ್ನು ಇಲ್ಲಿ ಕೇಳಬೇಕೆಂದಿದ್ದೇನೆ. ಇದು ಕಂಪ್ಯೂಟರ್ ಓದಿದವರ ವಿಷಯ, ನಮಗೇಕೆ ಎಂದು ಪುಟ ಮಗುಚಬೇಡಿ. ಇದು ನಮ್ಮ ವಿಷಯವೇ.

ನಾನು ಪಾಠ ಹೇಳುವುದು ಭದ್ರಾವತಿಯಲ್ಲಿ, ಮನೆ ಇರುವುದು ಶಿವಮೊಗ್ಗದಲ್ಲಿ. ನಮ್ಮ ಶಾಲೆಯ ಆಸುಪಾಸಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡು ಬದುಕುವ ಹೆಂಗಸೊಬ್ಬರಿದ್ದಾರೆ. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಮಕ್ಕಳನ್ನು ಮಲಗಿಸಿ ರಾತ್ರಿ ತರಗತಿಗೆ ಬಂದು, ಬಳಪ ಹಿಡಿಯಲು ಬಾರದ ಬೆರಳುಗಳಲ್ಲಿ ಅಕ್ಷರ ತಿದ್ದಿದವರು ಅವರು. ಇಂಗ್ಲಿಷ್ ಬಾರದು, ಕನ್ನಡ ಚೆನ್ನಾಗಿ ಬರುತ್ತದೆ. ಬಸ್ಸಿನ ಬೋರ್ಡು, ಪಡಿತರ ಚೀಟಿ, ಮೊಮ್ಮಗಳ ಪ್ರಗತಿ ಪತ್ರ ಎಲ್ಲವನ್ನೂ ತಾವೇ ಓದಿಕೊಳ್ಳುತ್ತಾರೆ. ಕಳೆದ ವರ್ಷ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಮತ್ತೆ ಯಾವಾಗ ಬರಬೇಕೆಂದು ಮೆಸೇಜ್ ಬರುತ್ತದೆ ಎಂದಿದ್ದರು. ಬಂತು. ಎರಡು ಸಾಲು ಪ್ರಶ್ನಾರ್ಥಕ ಚಿಹ್ನೆ, ನಡುವೆ ಒಂದು ತಾರೀಖು. ಏನೆಂದು ತಿಳಿಯದೆ ಹತ್ತಿರದ ಮೊಬೈಲ್ ಅಂಗಡಿಯ ಹುಡುಗನ ಕೈಗೆ ಕೊಟ್ಟರು. ಆ ಹುಡುಗ ಒಳ್ಳೆಯವನೇ. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿ, ನಾಲ್ಕು ಜನ ಗಿರಾಕಿಗಳ ಎದುರಿಗೆ, ‘ಗರ್ಭಕೋಶದ್ದಂತೆ ಅಜ್ಜಿ, ಇನ್ನೊಂದು ಸಲ ಟೆಸ್ಟ್ ಮಾಡಬೇಕಂತೆ’ ಎಂದು ಗಟ್ಟಿಯಾಗಿ ಹೇಳಿದ.

ಮಾರನೆಯ ದಿನ ಶಾಲೆಯ ಗೇಟಿನ ಹತ್ತಿರ ಅವರು ನನಗೆ ಆ ಮೆಸೇಜ್ ತೋರಿಸಿದರು. ‘ನನ್ನ ವಿಷಯ ಇನ್ನೊಬ್ಬರ ಬಾಯಲ್ಲಿ ಕೇಳಬಾರದು ಅಂತಲೇ ಟೀಚರಮ್ಮ, ಅವತ್ತು ಓದೋಕೆ ಕಲಿತಿದ್ದು. ಈಗ ನೋಡಿ’ ಎಂದರು.

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಕ್ಷರ ಕಲಿತ ಹೆಂಗಸನ್ನು ಎರಡು ಸಾಲಿನಲ್ಲಿ ಮತ್ತೆ ಅನಕ್ಷರಸ್ಥೆಯನ್ನಾಗಿ ಮಾಡಬಹುದು. ಗಂಡನೋ ಮಗನೋ ಅಂಗಡಿಯವನೋ ಓದಿ ಹೇಳಬೇಕಾದ ಸ್ಥಿತಿಗೆ ಅವಳನ್ನು ಮರಳಿ ತಳ್ಳಬಹುದು. ಹಾಗೆ ತಳ್ಳಿದವರಿಗೆ ತಾವು ತಳ್ಳಿದ್ದು ಗೊತ್ತೇ ಆಗುವುದಿಲ್ಲ. ಅವರ ಲೆಕ್ಕದಲ್ಲಿ ಮೆಸೇಜ್ ‘ತಲುಪಿದೆ’.

ಹಾಗಾದರೆ ಅಕ್ಷರಗಳು ದಾರಿಯಲ್ಲಿ ಎಲ್ಲಿ ಕೆಡುತ್ತವೆ? ತಿಳಿದುಕೊಳ್ಳುವುದು ಕಷ್ಟವೇನಲ್ಲ. ನಮ್ಮ ಅಡುಗೆಮನೆಯ ಡಬ್ಬಿಗಳನ್ನು ನೆನೆಸಿಕೊಳ್ಳಿ. ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರದ ಡಬ್ಬಿಗೂ ಅದು ಒಂದು ನಂಬರ್ ಹಚ್ಚುತ್ತದೆ. ಮೊದಲ ಕಂಪ್ಯೂಟರುಗಳಲ್ಲಿ ಇಂಗ್ಲಿಷಿನ ಡಬ್ಬಿಗಳು ಮಾತ್ರ ಇದ್ದವು. 80ನೆಯ ನಂಬರೆಂದರೆ ಇಂಗ್ಲಿಷಿನ ‘ಪಿ’. ಕನ್ನಡವನ್ನು ಹೇಗಾದರೂ ಮಾಡಿ ತೆರೆಯ ಮೇಲೆ ತರಬೇಕೆಂದು ನಮ್ಮವರು ಆ ಡಬ್ಬಿಗಳ ಚೀಟಿ ಬದಲಿಸದೆ ಒಳಗಿನ ಸಾಮಾನು ಬದಲಿಸಿದರು. ‘ಪಿ’ ಎಂದು ಬರೆದ ಡಬ್ಬಿಯಲ್ಲಿ ‘ಕ’ದ ರೂಪವನ್ನು ತುಂಬಿದರು. 1998ರಲ್ಲಿ ಬಂದ ‘ಬರಹ’, ಆಮೇಲೆ ಸರ್ಕಾರದ ಕಚೇರಿಗಳಿಗೆಲ್ಲ ಹೋದ ‘ನುಡಿ’ ಮೊದಲಿಗೆ ನಡೆದದ್ದು ಹೀಗೆಯೇ. ಅದು ಆ ಕಾಲದ ಜಾಣತನ, ಅವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಅದೇ ಡಬ್ಬಿಯನ್ನು ಬೇರೆ ಮನೆಗೆ ಕಳಿಸಿದರೆ ಅವರು ಚೀಟಿ ನೋಡಿ ‘ಪಿ’ ಎಂದೇ ಓದುತ್ತಾರೆ. ನುಡಿಯ ಹಳೆಯ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದು ಕಳಿಸಿದರೆ ಆ ಕಡೆ ಕಾಣುವುದು ಒಂದು ‘ಪಿ’, ತಲೆಯ ಮೇಲೆ ಗೀಟು ಹೊತ್ತ ಒಂದು ‘ಎ’, ಅದರ ಪಕ್ಕಕ್ಕೆ ಇಂಗ್ಲೆಂಡಿನ ಪೌಂಡ್ ಹಣದ ಗುರುತು! ಕನ್ನಡದ ‘ನ’ಕಾರ ಪೌಂಡಾಗಿ ಬದಲಾಗುವುದನ್ನು ಕಂಡರೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಈ ಗೊಂದಲಕ್ಕೆ ಪರಿಹಾರವೂ ಬಂದು ಬಹಳ ಕಾಲವಾಯಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ನಂಬರ್ ಕೊಡುವ ಯೂನಿಕೋಡ್ ಎಂಬ ಪದ್ಧತಿ 1991ರಲ್ಲೇ ಬಂತು. ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಬಡಾವಣೆಯಲ್ಲಿ ನಿವೇಶನ ಹಂಚಿದ ಹಾಗೆ 3200ರಿಂದ 3327ರವರೆಗೆ 128 ಮನೆಗಳು ಕನ್ನಡದ್ದು. ‘ಕ’ ಎಂದರೆ 3221, ‘ಶ’ ಎಂದರೆ 3254. ಟೋಕಿಯೋದಲ್ಲೂ ಅಷ್ಟೇ, ತೀರ್ಥಹಳ್ಳಿಯಲ್ಲೂ ಅಷ್ಟೇ. ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡನ್ನೇ ತನ್ನ ಶಿಷ್ಟತೆಯೆಂದು ಒಪ್ಪಿಕೊಂಡಿತು. ಮಾರಾಟವಾಗುವ ಮೊಬೈಲುಗಳು ಭಾರತದ ಭಾಷೆಗಳನ್ನು ಓದಿ ತೋರಿಸಲೇಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿತು. ಅಂದಮೇಲೆ ಈಗ ಅಂಗಡಿಯಲ್ಲಿ ಸಿಗುವ ಫೋನಿಗೆ ಕನ್ನಡ ಬಂದೇ ಬರುತ್ತದೆ. ಬಾರದಿರುವುದು ಕಳಿಸುವವರಿಗೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಕೆಟ್ಟ ಮೆಸೇಜು ತನ್ನ ರೋಗವನ್ನು ತಾನೇ ಹೇಳುತ್ತದೆ. ಖಾಲಿ ಚೌಕಗಳು ಬಂದರೆ ಅಕ್ಷರ ಸರಿಯಾಗಿಯೇ ಬಂದಿದೆ, ತೋರಿಸಲು ನಮ್ಮ ಫೋನಿನಲ್ಲಿ ಅಚ್ಚು ಇಲ್ಲ ಎಂದರ್ಥ. ಅದು ಹಳೆಯ ಫೋನುಗಳ ಕಾಯಿಲೆ. ಗೀಟು ಹೊತ್ತ ‘ಎ’, ಅದರ ಹಿಂದೆ ಮೇಲಕ್ಕೆ ಏರಿ ಕುಳಿತ ಸಣ್ಣ 2 ಅಥವಾ 3, ಹೀಗೆಯೇ ಮತ್ತೆ ಮತ್ತೆ ಬಂದರೆ ಕನ್ನಡ ಸರಿಯಾಗಿ ಹೊರಟು, ನಡುವೆ ಯಾವುದೋ ತಂತ್ರಾಂಶ ಅದನ್ನು ಯುರೋಪಿನ ಪಟ್ಟಿ ಹಿಡಿದು ಓದಿದೆ. ಕನ್ನಡದ ಒಂದೊಂದು ಚಿಹ್ನೆಯೂ ಮೂರು ತುಂಡಾಗಿ ಪ್ರಯಾಣ ಮಾಡುತ್ತದೆ, ಮೊದಲ ತುಂಡು ಯಾವಾಗಲೂ ಒಂದೇ. ಅದಕ್ಕೇ ಆ ‘ಎ’ಗಳ ಮೆರವಣಿಗೆ. ಈ ಎರಡು ಕಾಯಿಲೆಗಳಲ್ಲೂ ಅಕ್ಷರ ಸತ್ತಿಲ್ಲ, ತಿಳಿದವರು ಮರಳಿ ತರಬಹುದು. ಆದರೆ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಕಥೆ ಮುಗಿಯಿತು. ಕಳಿಸಿದ ಯಂತ್ರವೇ ‘ಇದೇನೋ ನನಗೆ ತಿಳಿಯದು’ ಎಂದು ಪ್ರತಿ ಅಕ್ಷರವನ್ನೂ ಬಿಸಾಡಿ, ಜಾಗದಲ್ಲಿ ಒಂದೊಂದು ಗುರುತು ಇಟ್ಟಿದೆ. ಸಾವಿರಾರು ಜನರಿಗೆ ಒಟ್ಟಿಗೆ ಮೆಸೇಜ್ ಕಳಿಸುವ ತಂತ್ರಾಂಶಗಳಲ್ಲಿ ‘ಯೂನಿಕೋಡ್’ ಎಂಬ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತದೆ ಕನ್ನಡ ಕಳಿಸಿದರೆ ಹೀಗಾಗುತ್ತದೆ. ಒಂದು ಗುಂಡಿ. ಆ ಅಜ್ಜಿಯ ಮಾನ ಅಂಗಡಿಯ ಕಟ್ಟೆಗೆ ಬರಲು ಅಷ್ಟು ಸಾಕು.

ಇದನ್ನೆಲ್ಲ ಹೇಳಿದಾಗ ಬರುವ ಉತ್ತರಗಳು ಮೂರು. ಮೂರನ್ನೂ ನೋಡೋಣ.

ಮೊದಲನೆಯದು, ‘ನಮ್ಮ ಲಿಪಿಯೇ ತೊಡಕಿನದು ಮೇಡಂ, ಒತ್ತು ದೀರ್ಘ ಎಲ್ಲ ಯಂತ್ರಕ್ಕೆ ಕಷ್ಟ.’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1894ರಲ್ಲಿ ಕಿಟ್ಟೆಲರ ನಿಘಂಟನ್ನು ಸೀಸದ ಮೊಳೆಗಳನ್ನು ಕೈಯಲ್ಲಿ ಜೋಡಿಸಿ ಅಚ್ಚು ಹಾಕಿತು. ಸೀಸಕ್ಕೆ ಬಂದ ಒತ್ತಕ್ಷರ ಚಂದ್ರಲೋಕಕ್ಕೆ ಹೋಗುವ ಕಾಲದ ಯಂತ್ರಕ್ಕೆ ಬಾರದೆ? ಭದ್ರಾವತಿಯ ಕಾಗದದ ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಅಲ್ಲಿಂದ ಹೊರಟ ಯಾವ ಹಾಳೆಯೂ ‘ನನಗೆ ಕನ್ನಡ ಬರುವುದಿಲ್ಲ’ ಎನ್ನಲಿಲ್ಲ. ಇನ್ನೂ ಒಂದು ಮಾತು. ಅಳುವ ನಗುವ ಹಳದಿ ಮುಖಗಳನ್ನು ದಿನಕ್ಕೆ ನೂರು ಸಲ ಕಳಿಸುತ್ತೇವಲ್ಲ, ಅವೂ ಇದೇ ಯೂನಿಕೋಡಿನ ನಿವಾಸಿಗಳೇ. 2010ರಲ್ಲಿ ಸೇರಿದವು. ಹತ್ತೊಂಬತ್ತು ವರ್ಷ ಮೊದಲೇ ಮನೆ ಮಾಡಿಕೊಂಡಿದ್ದ ಕನ್ನಡ ಕೆಡುತ್ತದೆ, ಆಮೇಲೆ ಬಂದ ನಗುಮುಖ ನೆಟ್ಟಗೆ ಬರುತ್ತದೆ ಎಂದರೆ ತೊಡಕು ಲಿಪಿಯದೋ ಮನಸ್ಸಿನದೋ?

2018ರ ಫೆಬ್ರವರಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನಮ್ಮ ನೆರೆಯ ತೆಲುಗಿನ ‘ಜ್ಞಾ’ ಎಂಬ ಒಂದೇ ಅಕ್ಷರ ಮೆಸೇಜಿನಲ್ಲಿ ಬಂದರೆ ಐಫೋನುಗಳ ತಂತ್ರಾಂಶ ಕುಸಿದು ಬೀಳುತ್ತಿತ್ತು. ಜ್ಞಾನದ ಮೊದಲಕ್ಷರಕ್ಕೇ ದುಬಾರಿ ಫೋನು ತಲೆತಿರುಗಿ ಬಿತ್ತು! ಆಗ ಪತ್ರಿಕೆಗಳು ಬರೆದದ್ದು ‘ಅಪಾಯಕಾರಿ ತೆಲುಗು ಅಕ್ಷರ’ ಎಂದು. ಅಕ್ಷರ ಏನು ತಪ್ಪು ಮಾಡಿತ್ತು? ಅದು ನೂರಾರು ವರ್ಷಗಳಿಂದ ಹಾಗೆಯೇ ಇದೆ. ನಮ್ಮ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಆವರಣದ ಹೆಸರು ‘ಜ್ಞಾನ ಸಹ್ಯಾದ್ರಿ’. ಅದೇ ಜ್ಞಾ, ನಮ್ಮ ಲಿಪಿಯಲ್ಲಿ. ಆಪಲ್ ಕಂಪನಿ ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ತನ್ನ ದೋಷವನ್ನು ಸರಿಪಡಿಸಿತು. ಫೋನು ಕೊಂಡವರು ಸುಮ್ಮನೆ ಕೂರಲಿಲ್ಲ, ಅದಕ್ಕೆ. ಅಜ್ಜಿಯ ಮೆಸೇಜಿಗೆ ಆ ಅವಸರ ಯಾರಿಗೂ ಬರಲಿಲ್ಲ.

ಎರಡನೆಯ ಉತ್ತರ ಖರ್ಚಿನದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಮುಚ್ಚಿಡಬಾರದು. ಒಂದು ಮೆಸೇಜಿನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಚಿಹ್ನೆ ಮಾತ್ರ. ಜರ್ಮನಿಯ ಹಿಲ್ಲೆಬ್ರಾಂಡ್ ಎಂಬ ತಂತ್ರಜ್ಞರು 1985ರಲ್ಲಿ ಮನಸ್ಸಿಗೆ ಬಂದ ವಾಕ್ಯಗಳನ್ನು ಟೈಪು ಮಾಡಿ ಎಣಿಸಿ, 160 ಸಾಕೆಂದು ತೀರ್ಮಾನಿಸಿದರು. ಆ ಎಣಿಕೆಯಲ್ಲಿ ನಮ್ಮ ವಾಕ್ಯಗಳು ಇರಲಿಲ್ಲ. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಶಿವಮೊಗ್ಗ’ ನಾಲ್ಕಕ್ಷರದ ಊರು, ಯಂತ್ರದ ಲೆಕ್ಕದಲ್ಲಿ ಎಂಟು. ‘ಭದ್ರಾವತಿ’ಯೂ ಎಂಟೇ. ಹಾಗಿದ್ದರೂ ನಾನು ಮೇಷ್ಟರ ಬುದ್ಧಿ ಬಿಡದೆ ಎಣಿಸಿ ನೋಡಿದೆ. ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಗೆ ಬನ್ನಿ’ ಎಂಬ ವಾಕ್ಯ, ಪದಗಳ ನಡುವಿನ ಜಾಗವೂ ಸೇರಿ, 39. ಎಪ್ಪತ್ತರಲ್ಲಿ ಇನ್ನೂ 31 ಉಳಿಯಿತು. ಅದರಲ್ಲಿ ತಾಯಿಗೊಂದು ನಮಸ್ಕಾರವನ್ನೂ ಹೇಳಬಹುದು. ಹೇಳಬೇಕಾದ್ದನ್ನು ಅಡ್ಡಾದಿಡ್ಡಿ ಸುತ್ತದೆ ಹೇಳಿದರೆ ಎಪ್ಪತ್ತು ಸಾಕು. ಉದ್ದ ಬೇಕೇಬೇಕಾದರೆ ಎರಡು ಮೆಸೇಜಿನ ಹಣ ಕೊಡಲಿ. ಹಬ್ಬದ ಶುಭಾಶಯಕ್ಕೆ ಪೇಟೆಯ ತುಂಬ ಬಣ್ಣದ ಬ್ಯಾನರು ಕಟ್ಟಿಸುವವರಿಗೆ ಒಬ್ಬ ತಾಯಿಗೆ ಅರ್ಥವಾಗುವ ಹಾಗೆ ತಿಳಿಸುವ ಖರ್ಚು ಭಾರವೆ? ಓದಲಾಗದ ಮೆಸೇಜಿಗೆ ಕೊಟ್ಟ ಹಣವೇ ನಿಜವಾಗಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದು.

ಮೂರನೆಯ ಉತ್ತರವೇ ಅಪಾಯದ್ದು, ಏಕೆಂದರೆ ಅದನ್ನು ಕೊಡುವವರು ನಾವೇ. ‘ಯಾಕೆ ತಲೆಬಿಸಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರಾಯಿತು.’ ಸರಿ. ಬಿ, ಇ, ಎಲ್, ಇ ಎಂದು ಬರೆದು ‘ಹೆಚ್ಚಾಗಿದೆ’ ಎಂದು ಸೇರಿಸಿ ಕಳಿಸಿ ನೋಡೋಣ. ಹೆಚ್ಚಾದದ್ದು ಬೆಲೆಯೋ, ಬೆಳೆಯೋ, ಸಾರಿಗೆ ಹಾಕಿದ ಬೇಳೆಯೋ? ಕೆ, ಎ, ಎಲ್, ಇ ಎಂದರೆ ಮಗಳ ಕಲೆಯೋ, ಹಿತ್ತಲಿನ ಕಳೆಯೋ, ಸೀರೆಗೆ ಹತ್ತಿದ ಕಲೆಯೋ? ಅಲ್ಪಪ್ರಾಣ ಮಹಾಪ್ರಾಣ, ಲಳ ಭೇದ ಎಂದು ವರ್ಷವೆಲ್ಲ ಮಕ್ಕಳಿಗೆ ತಿದ್ದಿಸಿ, ಸಂಜೆ ಅದೇ ಮಕ್ಕಳ ಮನೆಗೆ ಭೇದವೇ ಇಲ್ಲದ ಅಕ್ಷರದಲ್ಲಿ ಸೂಚನೆ ಕಳಿಸುವ ಶಾಲೆಗಳಿವೆ. ಎಲ್ಲಕ್ಕಿಂತ ಮುಖ್ಯ, ನಾನು ಹೇಳಿದ ಆ ಅಜ್ಜಿಗೆ ಇಂಗ್ಲಿಷ್ ಅಕ್ಷರದ ಕನ್ನಡವೂ ಪ್ರಶ್ನಾರ್ಥಕ ಚಿಹ್ನೆಯೇ. ಅನುಕೂಲವಾಯಿತೆಂದು ನಾವು ದಾಟಿಕೊಂಡ ಸಂಕದಲ್ಲಿ ಅವರಿಗೆ ಕಾಲಿಡಲು ಜಾಗವಿಲ್ಲ.

ಅಕ್ಷರದ ಒಂದು ಚುಕ್ಕೆ ಎಷ್ಟು ದೊಡ್ಡದೆಂಬುದಕ್ಕೆ ಟರ್ಕಿ ದೇಶದ ಒಂದು ಸುದ್ದಿ 2008ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂದಿತ್ತು. ಅವರ ಭಾಷೆಯಲ್ಲಿ ಚುಕ್ಕೆಯಿರುವ ‘ಐ’ ಬೇರೆ, ಚುಕ್ಕೆಯಿಲ್ಲದ ‘ಐ’ ಬೇರೆ. ಬೇರೆಯಾಗಿದ್ದ ಹೆಂಡತಿಗೆ ಗಂಡ ಕಳಿಸಿದ ಜಗಳದ ಮೆಸೇಜಿನಲ್ಲಿ, ಚುಕ್ಕೆಯಿಲ್ಲದ ಅಕ್ಷರ ಅವಳ ಫೋನಿಗೆ ಬಾರದೆ ಚುಕ್ಕೆಯಿಟ್ಟು ತೋರಿಸಿ, ಮಾತು ಹೇಸಿಗೆಯ ಬೈಗುಳವಾಯಿತಂತೆ. ಮನೆಯವರು ಅವನ ಮೇಲೆ ಬಿದ್ದರು, ಕೊನೆಗೆ ಹೋದದ್ದು ಆ ಹೆಂಗಸಿನ ಪ್ರಾಣ, ಆಮೇಲೆ ಅವನದೂ. ಚುಕ್ಕೆ ಕೊಂದಿತು ಎಂದು ನಾನು ಹೇಳುವುದಿಲ್ಲ, ಚಾಕು ಹಿಡಿದದ್ದು ಮನುಷ್ಯನ ಕೈ. ಆದರೆ ಹೆಣ್ಣಿನ ಬದುಕು ಗಂಡಸರ ಸಿಟ್ಟಿಗೆ ಅಷ್ಟು ಹತ್ತಿರದಲ್ಲಿರುವಾಗ ಕೆಟ್ಟ ಅಕ್ಷರವನ್ನು ಸಣ್ಣ ವಿಷಯವೆನ್ನಲು ನನಗೆ ಬಾಯಿ ಬಾರದು. ಟರ್ಕಿ ಪಟ್ಟು ಹಿಡಿದು, ಮೊಬೈಲ್ ಸಂದೇಶದ ಅಂತರರಾಷ್ಟ್ರೀಯ ನಿಯಮದಲ್ಲಿ ತನ್ನ ಅಕ್ಷರಗಳಿಗೆ ಪ್ರತ್ಯೇಕ ಪಟ್ಟಿಯನ್ನು ಸೇರಿಸಿಕೊಂಡಿತು. ಅದರ ಬೆನ್ನಿಗೆ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೂ ಅದೇ ನಿಯಮದಲ್ಲಿ ಪಟ್ಟಿಗಳು ಬಂದವು. ಕೇಳಿದವರಿಗೆ ಸಿಗುತ್ತದೆ.

ನಮ್ಮಲ್ಲಿ ಕೇಳಿದವರೇ ಇಲ್ಲವೆಂದಲ್ಲ. ಕೆ.ಪಿ. ರಾವ್ ಅವರು 1980ರ ದಶಕದಲ್ಲೇ ಕನ್ನಡದ ಕೀಲಿಮಣೆಗೆ ದಾರಿ ಹಾಕಿದರು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. 2007ರಲ್ಲಿ ಅವರು ತೀರಿಕೊಂಡಾಗ ಈ ಮೆಸೇಜುಗಳ ಪಾಡು ಇನ್ನೂ ಕೆಟ್ಟದಾಗಿತ್ತು. ಶಂಕರಘಟ್ಟದ ಕುಲಪತಿಗಳಾಗಿದ್ದ ಡಾ. ಚಿದಾನಂದ ಗೌಡರು ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿ ದುಡಿದರು. ದೊಡ್ಡವರು ಮಾಡಬೇಕಾದ ಕೆಲಸ ಬಹುಪಾಲು ಆಗಿದೆ. ಉಳಿದಿರುವುದು ಒಂದು ಗುಂಡಿ ಒತ್ತುವ ಕೆಲಸ, ಅದನ್ನು ಒತ್ತಿಸುವ ಕೆಲಸ. ಎರಡನೆಯದು ನಮ್ಮದು.

2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ನಮ್ಮ ಊರು ‘ಶಿಮೊಗ’ ಎಂಬ ಹೆಸರನ್ನು ಬಿಟ್ಟು ‘ಶಿವಮೊಗ್ಗ’ ಆಯಿತು. ಬೋರ್ಡುಗಳು ಬದಲಾದವು, ನಾವೆಲ್ಲ ಸಂತೋಷಪಟ್ಟೆವು. ಇಂಗ್ಲಿಷಿನಲ್ಲಿ ಊರಿನ ಹೆಸರು ಸರಿಯಾಗಬೇಕೆಂದು ಹಟ ಹಿಡಿದ ನಾವು, ಕನ್ನಡದಲ್ಲೇ ಅದು ಎಂಟು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದಾಗ ಸುಮ್ಮನಿರುವುದೇಕೆ?

ಆದ್ದರಿಂದ ಗೆಳತಿಯರೆ, ಮುಂದಿನ ಸಲ ಕೆಟ್ಟ ಮೆಸೇಜು ಬಂದರೆ ಅಳಿಸಬೇಡಿ. ಶಾಲೆಯಿಂದ ಬಂದದ್ದಾದರೆ ಶಾಲೆಗೆ, ಆಸ್ಪತ್ರೆಯಿಂದಾದರೆ ಆಸ್ಪತ್ರೆಗೆ, ಬ್ಯಾಂಕಿನದಾದರೆ ಬ್ಯಾಂಕಿಗೆ ಫೋನು ಮಾಡಿ. ‘ನನ್ನ ಫೋನಿಗೆ ಕನ್ನಡ ಬರುವುದಿಲ್ಲ’ ಎನ್ನಬೇಡಿ. ‘ನಿಮ್ಮ ಮೆಸೇಜಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದಿದೆ, ಯೂನಿಕೋಡ್ ಒತ್ತಿ ಇನ್ನೊಮ್ಮೆ ಕಳಿಸಿ’ ಎನ್ನಿ. ಆ ಕಡೆಯವರು ತಬ್ಬಿಬ್ಬಾಗುತ್ತಾರೆ, ಆಗಲಿ. ಹತ್ತು ಹೆಂಗಸರು ಒಂದೇ ದಿನ ಇದೇ ಮಾತು ಹೇಳಿದರೆ ಹನ್ನೊಂದನೆಯವಳು ಹೇಳಬೇಕಾಗುವುದಿಲ್ಲ. ಮನೆಯಲ್ಲಿ ಮಕ್ಕಳ ಕೈಯಲ್ಲಿ ಕನ್ನಡದ ಕೀಲಿಮಣೆ ಹಾಕಿಸಿಕೊಂಡು, ತಂಗಿಗೆ, ನಾದಿನಿಗೆ, ಹಾಲಿನವರಿಗೆ ಕನ್ನಡದಲ್ಲೇ ಬರೆಯಿರಿ. ಮೊದಲ ವಾರ ಬೆರಳು ತಡವರಿಸುತ್ತದೆ. ಬಳಪ ಹಿಡಿದಾಗಲೂ ತಡವರಿಸಿತ್ತಲ್ಲ.

ಇನ್ನು ನನ್ನ ಹಾಗೆ ಪಾಠ ಹೇಳುವವರಿಗೆ ಒಂದು ಮಾತು. ನಮ್ಮ ಶಾಲೆಗಳಿಂದ ಹೊರಡುವ ಪ್ರತಿ ಸೂಚನೆಯನ್ನೂ ಮೊದಲು ನಮ್ಮದೇ ಫೋನಿಗೆ ಒಮ್ಮೆ ಕಳಿಸಿಕೊಂಡು ನೋಡೋಣ. ಪ್ರಶ್ನೆಪತ್ರಿಕೆಯ ಕರಡನ್ನು ತಿದ್ದದೆ ಮಕ್ಕಳ ಮುಂದಿಡುವುದಿಲ್ಲ ಅಲ್ಲವೆ? ತಾಯಂದಿರ ಮುಂದಿಡುವುದಕ್ಕೂ ಅಷ್ಟೇ ಎಚ್ಚರ ಬೇಕು. ಅವರಲ್ಲಿ ಕೆಲವರು ನಮ್ಮಿಂದಲೇ ಓದಲು ಕಲಿತವರು.